‘ಲಾಸ್ಟ್ ಇನ್ಸರ್ಟ್ ಐಡಿ’ ಅಂದರೆ ಯಾರ ಲಾಸ್ಟ್?

‘ಹೊಸ ಸಾಲಿನ ಐಡಿ ಬೇಕಾ? ಸುಮ್ನೆ ಮ್ಯಾಕ್ಸ್ ತಗೊಳ್ಳಿ, ಅದೇ ಲಾಸ್ಟ್ ಇನ್ಸರ್ಟ್ ಐಡಿ.’ ಡೇಟಾಬೇಸ್ ಟೇಬಲ್‌ಗೆ ಸಾಲು ಸೇರಿಸಿ (ಇನ್ಸರ್ಟ್ ಮಾಡಿ), ಅದಕ್ಕೆ ತಾನಾಗಿ ಸಿಕ್ಕ ನಂಬರ್ (ಐಡಿ) ತಿಳಿಯಬೇಕಾದವರಿಗೆ ಈ ಸಲಹೆ ಇನ್ನೂ ಕೈಯಿಂದ ಕೈಗೆ ದಾಟುತ್ತಲೇ ಇದೆ. ಎರಡೂ ಒಂದಲ್ಲ.

ಮ್ಯಾಕ್ಸ್ ಹೇಳುವುದು ಟೇಬಲ್‌ನಲ್ಲಿ ಈಗ ಕಾಣುವ ದೊಡ್ಡ ನಂಬರನ್ನು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಲಾಸ್ಟ್ ಇನ್ಸರ್ಟ್ ಐಡಿ ಹೇಳುವುದು ನಿಮ್ಮ ಕನೆಕ್ಷನ್ (ಡೇಟಾಬೇಸ್ ಜೊತೆಗಿನ ನಿಮ್ಮ ಸಂಪರ್ಕ) ಕೊನೆಯದಾಗಿ ಹುಟ್ಟಿಸಿದ ನಂಬರನ್ನು. ‘ಲಾಸ್ಟ್’ ಇಲ್ಲಿ ಟೇಬಲ್ಲಿನದಲ್ಲ, ನಿಮ್ಮದು. ನಿಮ್ಮ ಆರ್ಡರ್‌ಗೆ 501 ಬಂತು ಅಂದುಕೊಳ್ಳಿ. ನೀವು ಮ್ಯಾಕ್ಸ್ ಕೇಳುವಷ್ಟರಲ್ಲಿ ಇನ್ನೊಬ್ಬರ ಆರ್ಡರ್ 502 ಆಗಿ ಸೇರಿತು. ಈಗ ನಿಮ್ಮ ಸಾಮಾನಿನ ಪಟ್ಟಿ ಅವರ ಆರ್ಡರ್‌ಗೆ ಹೋಗಿ ಕೂರುತ್ತದೆ. ಎರರ್ ಬರುವುದಿಲ್ಲ. ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಗೊತ್ತೂ ಆಗುವುದಿಲ್ಲ. ಎರಡನ್ನೂ ಒಂದು ಟ್ರಾನ್ಸಾಕ್ಷನ್ (ಒಂದೇ ಗಂಟಾಗಿ ನಡೆಯುವ ಕೆಲಸಗಳು) ಒಳಗೆ ಹಾಕಿದರೆ ಸರಿಹೋಗುತ್ತೆ ಅಲ್ವಾ ಅನ್ನುವವರಿದ್ದಾರೆ. ಟ್ರಾನ್ಸಾಕ್ಷನ್‌ನ ‘ರೀಡ್ ಕಮಿಟೆಡ್’ ಎಂಬ ಮಟ್ಟದಲ್ಲಿ ಬೇರೆಯವರು ಕಮಿಟ್ ಮಾಡಿದ (ಖಾಯಂ ಆಗಿ ಉಳಿಸಿದ) 502 ನಿಮಗೂ ಕಾಣುತ್ತದೆ. ಸರಿಹೋಗುವುದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಇನ್ಸರ್ಟ್‌ನಲ್ಲಿ ಮೂರು ಸಾಲು ಹಾಕಿದರೆ, ಸಿಗುವುದು ಮೊದಲ ಸಾಲಿನ ಐಡಿ. ಹೆಸರಲ್ಲಿ ‘ಲಾಸ್ಟ್’ ಇದ್ದರೂ ಅಷ್ಟೇ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಗೊಂದಲ ಬೇರೆ ಥರದ್ದು. ಅಲ್ಲಿನ ‘ಅಟ್ ಅಟ್ ಐಡೆಂಟಿಟಿ’ (@@IDENTITY) ಕೊಡುವ ಕೊನೆಯ ಐಡಿ ನಿಮ್ಮ ಸೆಷನ್ನಿನದೇ (ನಿಮ್ಮ ಕನೆಕ್ಷನ್ನಿನದೇ), ಆದರೆ ಟ್ರಿಗರ್ (ಇನ್ಸರ್ಟ್ ಆದಾಗ ತಾನಾಗಿ ಓಡುವ ಕೋಡ್) ಮಾಡಿದ ಇನ್ಸರ್ಟನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಆರ್ಡರ್ ಟೇಬಲ್‌ನ ಟ್ರಿಗರ್ ಒಂದು ಲಾಗ್ ಟೇಬಲ್‌ಗೆ ಬರೆಯುತ್ತಿದ್ದು, ಅಲ್ಲೂ ಐಡೆಂಟಿಟಿ ಕಾಲಂ (ತಾನಾಗಿ ನಂಬರ್ ಹುಟ್ಟಿಸುವ ಕಾಲಂ) ಇದ್ದರೆ ನಿಮಗೆ ಸಿಗುವುದು ಲಾಗ್‌ನ ಐಡಿ. ಬೇಕಾದದ್ದು ಟ್ರಿಗರ್‌ನ ಇನ್ಸರ್ಟನ್ನು ಲೆಕ್ಕಕ್ಕೆ ತಗೊಳ್ಳದ ‘ಸ್ಕೋಪ್ ಐಡೆಂಟಿಟಿ’. ‘ಐಡೆಂಟ್ ಕರೆಂಟ್’ ಯಾವ ಸೆಷನ್ ಎಂದು ನೋಡುವುದೇ ಇಲ್ಲ. ಈ ಕೆಲಸಕ್ಕೆ ಅದನ್ನು ಬಳಸಿದರೆ ಮ್ಯಾಕ್ಸ್‌ನ ತೊಂದರೆಯೇ ಮತ್ತೆ ಬರುತ್ತದೆ.

ನನ್ನನ್ನು ಕೇಳಿದರೆ, ಇನ್ಸರ್ಟ್ ಮಾಡುವಾಗಲೇ ಐಡಿ ವಾಪಸ್ ತಗೊಳ್ಳುವುದೇ ಒಳ್ಳೆಯ ದಾರಿ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ‘ರಿಟರ್ನಿಂಗ್’ 8.2 ಆವೃತ್ತಿಯಿಂದಲೇ ಇದೆ. ಮರಿಯಾಡಿಬಿಗೆ 10.5ರಲ್ಲಿ, ಎಸ್‌ಕ್ಯೂಲೈಟ್‌ಗೆ 2021ರ 3.35ರಲ್ಲಿ ಬಂತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದೇ ಕೆಲಸಕ್ಕೆ ‘ಔಟ್‌ಪುಟ್’ ಇದೆ. ಎಷ್ಟು ಸಾಲು ಹಾಕಿದಿರೋ ಅಷ್ಟೂ ಐಡಿ ಸಿಗುತ್ತವೆ.

ಮೈಎಸ್‌ಕ್ಯೂಎಲ್ 8ರಲ್ಲಿ ಇದಿಲ್ಲ. ಹಾಗಾಗಿ ಅಲ್ಲಿ ಇನ್ಸರ್ಟ್ ಮಾಡಿದ ಕನೆಕ್ಷನ್‌ನಲ್ಲೇ, ಮಧ್ಯೆ ಬೇರೆ ಇನ್ಸರ್ಟ್ ಮಾಡದೆ ಐಡಿ ಕೇಳಬೇಕು. ಕನೆಕ್ಷನ್ ಪೂಲ್ (ಹಲವರು ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಗುಂಪು) ಬಳಸುವವರು ಇಲ್ಲಿ ಹುಷಾರಾಗಿರಬೇಕು. ಇನ್ಸರ್ಟ್ ಆದ ಮೇಲೆ ಕನೆಕ್ಷನ್ ವಾಪಸ್ ಕೊಟ್ಟು, ಇನ್ನೊಂದನ್ನು ತಗೊಂಡು ಕೇಳಿದರೆ ಸೊನ್ನೆ ಬರಬಹುದು, ಇಲ್ಲವೇ ಆ ಕನೆಕ್ಷನ್ ಹಿಂದೆ ಹಾಕಿದ್ದ ಯಾವುದೋ ಸಾಲಿನ ಐಡಿ.