ಹೊಸದುರ್ಗ: ದೊಡ್ಡ ಹೆಸರಿಗೆ ಮಣಿಯದ ಕ್ಷೇತ್ರ

1962ರ ವಿಧಾನಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 208 ಸ್ಥಾನಗಳಲ್ಲಿ 138 ಕಾಂಗ್ರೆಸ್ಸಿಗೆ ದಕ್ಕಿದವು. ಪಕ್ಷ ಗೆದ್ದಿತು, ಮುಖ್ಯಮಂತ್ರಿಯಾಗಬೇಕಿದ್ದ ಎಸ್. ನಿಜಲಿಂಗಪ್ಪನವರು ಮಾತ್ರ ಸೋತರು. ಅವರನ್ನು ಮನೆಗೆ ಕಳಿಸಿದ್ದು ಅವರದೇ ಜಿಲ್ಲೆಯ ಹೊಸದುರ್ಗ.

ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು, ಏಕೀಕರಣದ ಮುಂದಾಳು, 1952ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಹೋದವರು, 1956ರಲ್ಲಿ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ. 1957ರಲ್ಲಿ ಮೊಳಕಾಲ್ಮೂರಿನಿಂದ ಗೆದ್ದಿದ್ದರು. ಮರುವರ್ಷ ಪಕ್ಷದೊಳಗಿನ ಬಣ ಜಗಳದಲ್ಲಿ ಅಧಿಕಾರ ಬಿ.ಡಿ. ಜತ್ತಿಯವರ ಕೈಗೆ ಹೋಗಿತ್ತು. ಅದನ್ನು ಮರಳಿ ಪಡೆಯುವ ಚುನಾವಣೆಯಲ್ಲಿ ಅವರೆದುರು ನಿಂತವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಕಾಂಗ್ರೆಸ್ಸಿನ ಚಿಹ್ನೆಯಾದ ಜೋಡೆತ್ತಿನ ಎದುರು ಸೋಷಲಿಸ್ಟರ ಗುಡಿಸಲು ಗೆದ್ದಿತು.

ಈ ಸೋಲನ್ನು ಕಾಂಗ್ರೆಸ್ಸಿನ ಒಳಜಗಳದ ತಲೆಗೆ ಕಟ್ಟಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಹೇಳಿದರೆ ಊರಿನ ಮತದಾರನಿಗೆ ಸ್ವಂತ ಬುದ್ಧಿಯೇ ಇರಲಿಲ್ಲ ಎಂದಂತಾಗುತ್ತದೆ. ಈ ಬಯಲುಸೀಮೆಯಲ್ಲಿ ಸಮಾಜವಾದಿಗಳಿಗೆ ಆಗಲೇ ನೆಲೆ ಇತ್ತು: 1957ರಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರವನ್ನು ಅದೇ ಪಕ್ಷದ ಜೆ. ಮೊಹಮ್ಮದ್ ಇಮಾಮ್ ಗೆದ್ದಿದ್ದರು. 1967ರಲ್ಲಿ ಅವರು ಸ್ವತಂತ್ರ ಪಕ್ಷದಿಂದ ನಿಂತಾಗಲೂ ಜನ ಕೈಬಿಡಲಿಲ್ಲ. ಅಂದರೆ ಇಲ್ಲಿನವರು ಚಿಹ್ನೆಗಿಂತ ಆಳನ್ನು ನೋಡುತ್ತಿದ್ದರು.

ಹೊಸದುರ್ಗದ ತೀರ್ಪು ಬೆಂಗಳೂರನ್ನು ಅಲುಗಾಡಿಸಿತು. ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಆಯ್ಕೆಯಾಗಿ ಬಂದಾಗ, ಜೂನ್‌ನಲ್ಲಿ, ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಅಂಥ ಸೌಜನ್ಯವನ್ನು ಇಂದು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ನಡುವಿನ ದಶಕಗಳನ್ನು ದಾಟಿ 2008ಕ್ಕೆ ಬರೋಣ. ಹೊಸದುರ್ಗ ಸಾಮಾನ್ಯ ಕ್ಷೇತ್ರ. ಅಲ್ಲಿ ಪರಿಶಿಷ್ಟ ಜಾತಿಯ ಭೋವಿ ಸಮುದಾಯದ ಗೂಳಿಹಟ್ಟಿ ಶೇಖರ್, ಯಾವ ಪಕ್ಷದ ಆಸರೆಯೂ ಇಲ್ಲದೆ ಗೆದ್ದರು. ಇದು 1962ರಷ್ಟೇ ದೊಡ್ಡ ಸಂಗತಿ ಎಂದು ನಾನು ಎಣಿಸುತ್ತೇನೆ. ಪಕ್ಕದ ಹಿರಿಯೂರಿನಲ್ಲಿ ಡಿ. ಸುಧಾಕರ್ ಕೂಡ ಪಕ್ಷೇತರರಾಗಿಯೇ ಗೆದ್ದಿದ್ದರು. ಬಿಜೆಪಿಗೆ ಬಂದದ್ದು 110 ಸ್ಥಾನ, ಬೇಕಿದ್ದದ್ದು 113. ಹೀಗಾಗಿ ಈ ಇಬ್ಬರೂ ಯಡಿಯೂರಪ್ಪನವರ ಸಂಪುಟದಲ್ಲಿ ಸಚಿವರಾದರು. 2010ರ ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದ ಐವರು ಪಕ್ಷೇತರರು, ಇವರಿಬ್ಬರೂ ಸೇರಿ, ಅನರ್ಹಗೊಂಡರು. ವಿಶ್ವಾಸಮತದ ದಿನದ ಗದ್ದಲದಲ್ಲಿ ಗೂಳಿಹಟ್ಟಿ ಅಂಗಿ ಹರಿದುಕೊಂಡ ದೃಶ್ಯವನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದುಪಡಿಸಿತು.

ಆಮೇಲಿನದು ಸರದಿಯ ಲೆಕ್ಕ. 2013ರಲ್ಲಿ ಕಾಂಗ್ರೆಸ್ಸಿನ ಬಿ.ಜಿ. ಗೋವಿಂದಪ್ಪ, 2018ರಲ್ಲಿ ಬಿಜೆಪಿಯಿಂದ ಗೂಳಿಹಟ್ಟಿ, 2023ರಲ್ಲಿ ಮತ್ತೆ ಗೋವಿಂದಪ್ಪ. ಆ ಸಲ ಗೂಳಿಹಟ್ಟಿ ಬಿಜೆಪಿ ತೊರೆದು ಪುನಃ ಪಕ್ಷೇತರರಾಗಿ ನಿಂತರು. 2008 ಮರುಕಳಿಸಲಿಲ್ಲ.

ಜಾತಿಯ ಲೆಕ್ಕ, ಮಠಗಳ ಒಲವು ಎಲ್ಲವನ್ನೂ ಕೂಡಿ ಕಳೆದ ಮೇಲೂ ಇಲ್ಲಿ ಉಳಿಯುವುದು ನೀರಿನ ಮಾತು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟೆ ಹಿರಿಯೂರು ತಾಲ್ಲೂಕಿನಲ್ಲಿದೆ, ಅದರ ಹಿನ್ನೀರು ಹೊಸದುರ್ಗದ ಕಡೆಗೆ ಚಾಚಿದೆ. ನಾಲೆಯ ನೀರು ಕೆಳಗಿನವರಿಗೆ ಹರಿಯುತ್ತದೆ, ಮುಳುಗಡೆಯ ಭಯ ಮೇಲಿನವರದು. 1933ರ ನಂತರ ಮೊದಲ ಬಾರಿಗೆ, 2022ರಲ್ಲಿ, ಜಲಾಶಯ ಕೋಡಿ ಬಿದ್ದಾಗ ನಾಡು ಸಂಭ್ರಮಿಸಿತು. ಹಿನ್ನೀರಿನಂಚಿನ ತೋಟದವರಿಗೆ ಅದು ಆತಂಕದ ಕಾಲ. ಉಳಿದ ತಾಲ್ಲೂಕು ಕೆರೆ ಮತ್ತು ಕೊಳವೆ ಬಾವಿಯನ್ನು ನಂಬಿ ತೆಂಗು, ಅಡಿಕೆ, ದಾಳಿಂಬೆ ಬೆಳೆಯುತ್ತಿದೆ, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗಾಗಿ ಕಾಯುತ್ತಿದೆ.

2023ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಿಸಿತು. ಮೇ ತಿಂಗಳಲ್ಲಿ ಮತ ಎಣಿಸಿದಾಗ ಜಿಲ್ಲೆಯ ಆರು ಸ್ಥಾನಗಳಲ್ಲಿ ಬಿಜೆಪಿಗೆ ಉಳಿದದ್ದು ಹೊಳಲ್ಕೆರೆ ಒಂದೇ.