ಬಿಗಿ ಬೂಟು ಹಾಕ್ತಾ ಹಾಕ್ತಾ ಸಡಿಲ ಆಗುತ್ತಾ?

ಓದುಗರ ಪ್ರಶ್ನೆ: ಹೊಸದಾಗಿ ಲೆದರ್ ಬೂಟು ತಗೊಂಡೆ. ಹಾಕಿ ನೋಡಿದಾಗಲೇ ಸ್ವಲ್ಪ ಬಿಗಿ ಅನ್ನಿಸಿತ್ತು. ‘ಲೆದರ್ ಅಲ್ವಾ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅಂತ ಅಂಗಡಿಯವರು ಅಂದರು. ಎರಡೇ ದಿನಕ್ಕೆ ಕಾಲು ಕಚ್ಚಿ ಬೊಬ್ಬೆ ಬಂದಿದೆ. ನಿಜವಾಗಲೂ ಸಡಿಲ ಆಗುತ್ತಾ? ಬೇಗ ಆಗಬೇಕು ಅಂದರೆ ಏನು ಮಾಡಬೇಕು?

ಅಗಲಕ್ಕೆ ಆಗುತ್ತದೆ. ಉದ್ದಕ್ಕೆ ಆಗುವುದಿಲ್ಲ. ಹಾಗಾಗಿ ಸಡಿಲ ಮಾಡುವುದು ಹೇಗೆ ಅಂತ ಯೋಚಿಸುವ ಮೊದಲು ಬೂಟು ಎಲ್ಲಿ ಬಿಗಿ ಇದೆ ಅಂತ ಪತ್ತೆ ಮಾಡಿ. ಎಲ್ಲವೂ ಅದರ ಮೇಲೇ ನಿಂತಿದೆ.

ಬೂಟು ಮಾಡುವಾಗ ಮೇಲಿನ ಚರ್ಮವನ್ನು ಪಾದದ ಆಕಾರದ ಅಚ್ಚಿನ ಮೇಲೆ ಬಿಗಿಯಾಗಿ ಎಳೆದು, ಕೆಳಗಿನ ಅಟ್ಟೆಗೆ ಅಂಟಿಸುತ್ತಾರೆ ಇಲ್ಲವೇ ಹೊಲಿಯುತ್ತಾರೆ. ಅಟ್ಟೆ ಎಷ್ಟು ಉದ್ದವೋ ಬೂಟೂ ಅಷ್ಟೇ ಉದ್ದ. ಅದನ್ನು ಹಿಗ್ಗಿಸುವ ದಾರಿಯೇ ಇಲ್ಲ. ಇನ್ನು ಮುಂದೆ ಬೆರಳುಗಳ ತುದಿಯಲ್ಲಿ ಮತ್ತು ಹಿಂದೆ ಹಿಮ್ಮಡಿಯ ಸುತ್ತ, ಚರ್ಮದ ಪದರಗಳ ನಡುವೆ ಗಟ್ಟಿ ತುಂಡೊಂದನ್ನು ಸೇರಿಸಿರುತ್ತಾರೆ. ಬೂಟಿನ ಆಕಾರ ಕುಸಿಯದಿರಲಿ ಅಂತ. ನಿಮ್ಮ ಬೂಟನ್ನು ಕೈಗೆ ತಗೊಂಡು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಮೂತಿಯ ಹತ್ತಿರ ಗಟ್ಟಿ, ಸ್ವಲ್ಪ ಹಿಂದಕ್ಕೆ ಬಂದರೆ ಮಿದು, ಹಿಮ್ಮಡಿಯ ಹತ್ತಿರ ಮತ್ತೆ ಗಟ್ಟಿ. ಹಿಗ್ಗುವುದು ನಡುವಿನ ಆ ಮಿದು ಭಾಗ ಮಾತ್ರ.

ಇದು ಗೊತ್ತಿಲ್ಲದೆ ನಾನೂ ಒಮ್ಮೆ ಅನುಭವಿಸಿದ್ದೇನೆ. ಅರ್ಧ ಸೈಜು ಚಿಕ್ಕದಾದ ಬೂಟು. ನೋಡಲು ತುಂಬಾ ಚೆನ್ನಾಗಿತ್ತು, ನನಗೆ ಬೇಕಾದ ಸೈಜು ಮುಗಿದಿತ್ತು. ಪಳಗಿಸಿಕೊಳ್ಳೋಣ ಅಂತ ತಗೊಂಡೆ. ಸಮತಟ್ಟು ನೆಲದಲ್ಲಿ ಏನೂ ಅನ್ನಿಸಲಿಲ್ಲ. ಉದ್ದನೆಯ ಇಳಿಜಾರಿನಲ್ಲಿ ನಡೆದ ದಿನ ಪ್ರತಿ ಹೆಜ್ಜೆಗೂ ಹೆಬ್ಬೆರಳು ಮುಂದೆ ಹೋಗಿ ಗುದ್ದುತ್ತಿತ್ತು. ರಾತ್ರಿ ಸಾಕ್ಸ್ ತೆಗೆದರೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಮುಂದೆ ಅವು ಉದುರಿದವು. ಹೊಸ ಉಗುರು ಪೂರ್ತಿ ಬೆಳೆಯಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಷ್ಟೂ ದಿನದಲ್ಲಿ ಆ ಬೂಟು ಅಗಲಕ್ಕೆ ಚೆನ್ನಾಗಿಯೇ ಹಿಗ್ಗಿತ್ತು. ಉದ್ದಕ್ಕೆ ಒಂದು ಕೂದಲೆಳೆಯಷ್ಟೂ ಅಲ್ಲ.

ಎಲ್ಲಿ ಬಿಗಿ ಅಂತ ತಿಳಿಯುವುದು ಹೇಗೆ?

ಸಂಜೆ ನೋಡಿ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೂಟಿನ ಜೊತೆ ಯಾವ ಸಾಕ್ಸ್ ಹಾಕುತ್ತೀರೋ ಅದನ್ನೇ ಹಾಕಿ. ಲೇಸು ಬಿಚ್ಚಿ, ಕಾಲನ್ನು ಮುಂದಕ್ಕೆ ತಳ್ಳಿ, ಬೆರಳ ತುದಿ ಮೂತಿಗೆ ತಾಗುವ ಹಾಗೆ ನಿಂತುಕೊಳ್ಳಿ. ಈಗ ಹಿಮ್ಮಡಿಯ ಹಿಂದೆ ಕೈಬೆರಳೊಂದು ತೂರಬೇಕು. ತೂರದಿದ್ದರೆ ಉದ್ದ ಸಾಲದು. ಒಳಗಿನ ಪ್ಯಾಡ್ ತೆಗೆಯಲು ಬಂದರೆ ಇನ್ನೂ ಸುಲಭ. ಅದನ್ನು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಕಾಣಬೇಕು. ಪಾದದ ಪಕ್ಕ ಪ್ಯಾಡಿನಿಂದ ತುಸು ಹೊರಗೆ ಚಾಚಿದರೆ ಅದು ಅಗಲದ ಮಾತು, ಅದಕ್ಕೆ ದಾರಿ ಇದೆ. ಎರಡೂ ಕಾಲು ನೋಡಿ. ಒಂದು ಕಾಲು ಇನ್ನೊಂದಕ್ಕಿಂತ ದೊಡ್ಡದಿರುವುದು ತೀರಾ ಸಾಮಾನ್ಯ.

ಉದ್ದ, ಅಗಲ ಎರಡೇ ನೋಡಿದರೆ ಸಾಲದು. ಅಮೆರಿಕದ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಪಾದ ಅಳೆಯುವ ಲೋಹದ ಉಪಕರಣ ಮಾಡಿದರು. ಅದು ಇವೆರಡರ ಜೊತೆಗೆ ಮೂರನೆಯದನ್ನೂ ಅಳೆಯುತ್ತದೆ: ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಕೀಲಿನವರೆಗಿನ ದೂರ. ನಡೆಯುವಾಗ ಪಾದ ಬಗ್ಗುವುದು ಆ ಕೀಲಿನ ಹತ್ತಿರ. ಬೂಟಿನ ಅತಿ ಅಗಲದ ಜಾಗ ಸರಿಯಾಗಿ ಅಲ್ಲೇ ಬರಬೇಕು. ಹಿಂದೆ ಮುಂದೆ ಆದರೆ ಪಾದ ಒಂದು ಕಡೆ ಬಗ್ಗುತ್ತದೆ, ಬೂಟು ಇನ್ನೊಂದು ಕಡೆ. ಅಂಥ ಬೂಟು ಎಷ್ಟು ದಿನ ಹಾಕಿದರೂ ಹಿತವಾಗುವುದಿಲ್ಲ.

ಲೇಸನ್ನೂ ಗಮನಿಸಿ. ಹೊಸ ಬೂಟಿಗೆ ಲೇಸು ಕಟ್ಟಿದಾಗ ಎರಡು ಅಂಚುಗಳ ನಡುವೆ ಸ್ವಲ್ಪ ಜಾಗ ಉಳಿದಿರಬೇಕು. ಚರ್ಮ ಹಿಗ್ಗಿದ ಹಾಗೆ ಆ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಮೊದಲ ದಿನವೇ ಅಂಚಿಗೆ ಅಂಚು ತಾಗಿದರೆ ಮುಂದೆ ಬಿಗಿ ಮಾಡಲು ಏನೂ ಉಳಿಯುವುದಿಲ್ಲ.

ಚರ್ಮ ಹಿಗ್ಗುವುದು ಹೇಗೆ?

ಚರ್ಮದೊಳಗೆ ಕೊಲಾಜೆನ್ ಎನ್ನುವ ಪ್ರೋಟೀನಿನ ಎಳೆಗಳಿರುತ್ತವೆ. ಬಟ್ಟೆಯ ನೂಲಿನ ಹಾಗೆ ಅವು ಸಾಲಾಗಿ ಇರುವುದಿಲ್ಲ. ಎಲ್ಲಾ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಸ್ವಲ್ಪ ತೇವ, ಮೈಬಿಸಿ ಮತ್ತು ಎಳೆತ ಒಟ್ಟಿಗೆ ಸಿಕ್ಕಿದರೆ ಎಳೆಗಳು ಒಂದರ ಪಕ್ಕ ಒಂದು ಜಾರುತ್ತವೆ. ಅದೇ ಎಳೆತದಲ್ಲಿ ಒಣಗಿದರೆ ಹೊಸ ಜಾಗದಲ್ಲೇ ನಿಲ್ಲುತ್ತವೆ. ಬೂಟು ಹಾಕಿ ನಡೆದಾಗ ಆಗುವುದು ಇದೇ. ಬೆವರಿನ ತೇವ, ಪಾದದ ಬಿಸಿ, ಹೆಜ್ಜೆಯ ಒತ್ತಡ. ಅದಕ್ಕೇ ಬೂಟು ನಿಮ್ಮ ಪಾದಕ್ಕೇ ಒಗ್ಗುತ್ತದೆ, ಬೇರೆಯವರ ಪಾದಕ್ಕೆ ಅಲ್ಲ.

ಎಲ್ಲಾ ಚರ್ಮವೂ ಒಂದೇ ಸಮ ಅಲ್ಲ. ಕ್ರೋಮ್ ಲವಣದಿಂದ ಹದ ಮಾಡಿದ್ದು ಸಾಮಾನ್ಯವಾಗಿ ಮಿದು, ಬೇಗ ಬಗ್ಗುತ್ತದೆ. ಮರದ ತೊಗಟೆಯ ಸಾರದಲ್ಲಿ ಹದ ಮಾಡಿದ್ದು ಗಟ್ಟಿ, ನಿಧಾನ. ಆದರೆ ಒಮ್ಮೆ ಪಾದದ ಆಕಾರ ಹಿಡಿದರೆ ಬಿಡುವುದಿಲ್ಲ. ಸ್ವೇಡ್, ಅಂದರೆ ಮಖಮಲ್ಲಿನ ಹಾಗೆ ನವಿರಾದ ಮೇಲ್ಮೈಯ ಚರ್ಮ, ಬೇಗ ಸಡಿಲವಾಗುತ್ತದೆ. ಕನ್ನಡಿಯ ಹಾಗೆ ಹೊಳೆಯುವ ಪೇಟೆಂಟ್ ಲೆದರ್ ಮೇಲೆ ಪ್ಲಾಸ್ಟಿಕ್ ಲೇಪ ಇರುತ್ತದೆ, ಜಾಸ್ತಿ ಎಳೆದರೆ ಬಿರುಕು ಬಿಡುತ್ತದೆ. ರೆಕ್ಸಿನ್ ಥರದ ಕೃತಕ ಚರ್ಮ ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನ ಹಾಗೇ ಆಗುತ್ತದೆ. ಒಳಗೆ ವಾಟರ್‌ಪ್ರೂಫ್ ಪದರ ಇರುವ ಬೂಟನ್ನು ಬಲವಂತವಾಗಿ ಹಿಗ್ಗಿಸಲು ಹೋಗಬೇಡಿ, ಆ ಪದರ ಹರಿದರೆ ನೀರು ಒಳಗೆ ಬರುತ್ತದೆ.

ಮೊದಲ ಎರಡು ವಾರ

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ: ಮನೆಯೊಳಗೆ, ಸ್ವಲ್ಪ ಸ್ವಲ್ಪ ಹೊತ್ತು, ಪ್ರತಿದಿನ. ಮೊದಲ ದಿನ ಅರ್ಧ ಗಂಟೆ ಸಾಕು. ದಪ್ಪ ಸಾಕ್ಸ್ ಹಾಕಿ, ಲೇಸು ಸರಿಯಾಗಿ ಕಟ್ಟಿ, ಓಡಾಡಿ. ಮೆಟ್ಟಿಲು ಹತ್ತಿ ಇಳಿಯಿರಿ. ಸುಮ್ನೆ ಕೂತರೆ ಬೂಟು ಬಗ್ಗುವುದಿಲ್ಲ. ಮಾರನೇ ದಿನ ಒಂದು ಗಂಟೆ, ಆಮೇಲೆ ಎರಡು. ನೋವು ಶುರುವಾದ ಕೂಡಲೇ ತೆಗೆದುಬಿಡಿ. ಹೊಸ ಬೂಟು ಹಾಕಿಕೊಂಡು ನೇರವಾಗಿ ಇಡೀ ದಿನದ ಕೆಲಸಕ್ಕೆ ಹೋಗುವುದೇ ಬೊಬ್ಬೆಗೆ ದೊಡ್ಡ ಕಾರಣ.

ಲೇಸು ಸಡಿಲ ಬಿಟ್ಟರೆ ಹಿತ ಅನ್ನಿಸುತ್ತದೆ, ಆದರೆ ಕಾಲು ಒಳಗೆ ಜಾರಾಡಿ ಚರ್ಮ ಉಜ್ಜುತ್ತದೆ. ಪಾದದ ಮೇಲ್ಭಾಗದಲ್ಲಿ ಮಾತ್ರ ಒತ್ತುತ್ತಿದ್ದರೆ ಒಂದು ಸಣ್ಣ ಉಪಾಯ ಇದೆ. ಒತ್ತುವ ಜಾಗದಲ್ಲಿ ಲೇಸನ್ನು ಅಡ್ಡ ದಾಟಿಸಬೇಡಿ. ಅದೇ ಬದಿಯ ಮೇಲಿನ ತೂತಿಗೆ ನೇರವಾಗಿ ಏರಿಸಿ, ಅಲ್ಲಿಂದ ಮತ್ತೆ ಅಡ್ಡ ಕಟ್ಟಿ. ಅಷ್ಟು ಜಾಗಕ್ಕೆ ಉಸಿರಾಡಲು ಕಿಟಕಿ ತೆರೆದ ಹಾಗೆ.

ಹಿಮ್ಮಡಿ ತುಸು ಮೇಲೆ ಕೆಳಗೆ ಆಡುತ್ತಿದ್ದರೆ ಹೆದರಬೇಡಿ. ದಪ್ಪ ಅಟ್ಟೆ ಇನ್ನೂ ಬಗ್ಗಲು ಕಲಿತಿರುವುದಿಲ್ಲ. ಪಾದ ಬಗ್ಗುತ್ತದೆ, ಅಟ್ಟೆ ಬಗ್ಗುವುದಿಲ್ಲ, ಹಿಮ್ಮಡಿ ಏಳುತ್ತದೆ. ಅಟ್ಟೆ ಮಿದುವಾದ ಹಾಗೆ ಇದು ಕಡಿಮೆಯಾಗುತ್ತದೆ.

ಸಂಜೆ ಬೂಟು ತೆಗೆದ ತಕ್ಷಣ ಒಳಗೆ ಕೈ ಹಾಕಿ ನೋಡಿ. ಚರ್ಮ ಬೆಚ್ಚಗೆ, ಸ್ವಲ್ಪ ತೇವವಾಗಿ, ಬೆಳಿಗ್ಗೆಗಿಂತ ಎಷ್ಟೋ ಮಿದುವಾಗಿರುತ್ತದೆ. ಕಿರುಬೆರಳು ಕೂರುವ ಜಾಗ ಕೈಗೆ ಸಿಗುತ್ತದೆ. ಅಲ್ಲಿ ಹೆಬ್ಬೆರಳಿಟ್ಟು ಒಳಗಿನಿಂದ ಹೊರಕ್ಕೆ ಒತ್ತಿ ಒತ್ತಿ ತೀಡಿ. ಮರದ ಸೌಟಿನ ಬೆನ್ನಿನಿಂದಲೂ ತೀಡಬಹುದು. ಐದು ನಿಮಿಷ. ನಾಲ್ಕೈದು ದಿನ ಮಾಡಿದರೆ ಆ ಒಂದು ಜಾಗ ಎದ್ದು ಗೊತ್ತಾಗುವಷ್ಟು ಸಡಿಲವಾಗುತ್ತದೆ. ಆಮೇಲೆ ಬೂಟಿಗೆ ಒಂದು ದಿನ ರಜೆ ಕೊಡಿ, ಒಳಗಿನ ತೇವ ಆರಲಿ.

ಸ್ಟ್ರೆಚರ್ ಬೇಕಾ?

ಮನೆಯ ಓಡಾಟಕ್ಕೂ ಬಗ್ಗದಿದ್ದರೆ ಬೇಕು. ಶೂ ಸ್ಟ್ರೆಚರ್ ಅಂದರೆ ನಡುವೆ ಸೀಳಿದ ಮರದ ಪಾದ. ತಿರುಪು ತಿರುಗಿಸಿದರೆ ಎರಡು ಹೋಳು ಅಗಲವಾಗುತ್ತವೆ. ಮೇಲೆ ಸಣ್ಣ ತೂತುಗಳಿರುತ್ತವೆ, ಹೆಬ್ಬೆರಳ ಬುಡದ ಮೂಳೆ ಉಬ್ಬಿದ್ದರೆ ಆ ಜಾಗಕ್ಕೆ ಸರಿಯಾಗಿ ಗುಬಟೊಂದನ್ನು ಸಿಕ್ಕಿಸಬಹುದು. ಮೊದಲು ಬಿಗಿ ಇರುವ ಜಾಗಕ್ಕೆ ಒಳಗಿನಿಂದ, ಚರ್ಮ ಮಿದು ಮಾಡುವ ಸ್ಟ್ರೆಚ್ ಸ್ಪ್ರೇ ಹೊಡೆಯಿರಿ. ಅದು ಇಲ್ಲದಿದ್ದರೆ ಸಮಪಾಲು ನೀರು, ಸಮಪಾಲು ರಬ್ಬಿಂಗ್ ಆಲ್ಕೋಹಾಲ್ (ಗಾಯ ಒರೆಸಲು ಬಳಸುವ ಸ್ಪಿರಿಟ್) ಬೆರೆಸಿಕೊಳ್ಳಿ. ಆಲ್ಕೋಹಾಲ್ ಬಣ್ಣ ಎಬ್ಬಿಸಬಹುದು, ಹಾಗಾಗಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಸ್ಟ್ರೆಚರ್ ಒಳಗಿಟ್ಟು ಚರ್ಮ ಬಿಗಿಯಾಗುವವರೆಗೆ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ. ಏಳೆಂಟು ಗಂಟೆಗೊಮ್ಮೆ ಅರ್ಧ ಸುತ್ತು. ಒಂದೆರಡು ದಿನ ಹಾಗೇ ಇರಲಿ. ಪೂರ್ತಿ ಒಣಗುವ ಮೊದಲು ತೆಗೆದರೆ ಚರ್ಮ ಹಿಂದಕ್ಕೆ ಸರಿಯುತ್ತದೆ. ಆತುರಪಟ್ಟು ಜೋರಾಗಿ ತಿರುಗಿಸಿದರೆ ಮೊದಲು ಬಿಡುವುದು ಹೊಲಿಗೆ.

ಬೆಲೆಬಾಳುವ ಬೂಟಾದರೆ ರಿಪೇರಿ ಮಾಡುವವರ ಹತ್ತಿರ ಕೊಡುವುದೇ ಮೇಲು. ಒಂದು ತುದಿಯಲ್ಲಿ ಗುಂಡು, ಇನ್ನೊಂದು ತುದಿಯಲ್ಲಿ ಬಳೆ ಇರುವ ಇಕ್ಕಳದಂಥ ಉಪಕರಣ ಅವರಲ್ಲಿರುತ್ತದೆ. ಅದರಿಂದ ನಾಣ್ಯದಗಲದ ಜಾಗವನ್ನಷ್ಟೇ ಉಬ್ಬಿಸಬಹುದು.

ಹೇರ್ ಡ್ರೈಯರ್, ಫ್ರೀಜರ್, ನೀರು

ಇಂಟರ್‌ನೆಟ್ಟಿನಲ್ಲಿ ಜಾಸ್ತಿ ಸಿಗುವ ಸಲಹೆಗಳು ಇವೇ. ಒದ್ದೆ ಚರ್ಮಕ್ಕೆ ಬಿಸಿ ಶತ್ರು. ಒಂದು ಮಟ್ಟ ದಾಟಿದರೆ ಕೊಲಾಜೆನ್ ಎಳೆಗಳು ಕುಗ್ಗಿ ಗಟ್ಟಿಯಾಗುತ್ತವೆ. ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ಆ ಮಟ್ಟ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್. ಒಮ್ಮೆ ಕುಗ್ಗಿದರೆ ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದಕ್ಕೂ ಮೊದಲೇ ಅಂಟು ಬಿಡಬಹುದು. ಹೇರ್ ಡ್ರೈಯರ್ ಬಳಸಲೇಬೇಕು ಅಂದರೆ ದೂರದಿಂದ, ಕಡಿಮೆ ಬಿಸಿಯಲ್ಲಿ, ಕೈಗೆ ಬೆಚ್ಚಗೆ ಅನ್ನಿಸುವಷ್ಟು ಮಾತ್ರ. ಒಲೆ, ಹೀಟರ್ ಹತ್ತಿರ ಇಡಲೇಬೇಡಿ.

ನೀರಿನ ಚೀಲ ತುರುಕಿ ಫ್ರೀಜರಿನಲ್ಲಿಡುವುದು ಇನ್ನೊಂದು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುವುದು ನಿಜ. ಆದರೆ ಎಲ್ಲಿ ಹಿಗ್ಗಬೇಕು ಅಂತ ಅದಕ್ಕೆ ಹೇಳಲು ಆಗುವುದಿಲ್ಲ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ನೀರಿನಲ್ಲಿ ನೆನೆಸುವುದಕ್ಕೆ ಮಾತ್ರ ನಿಜವಾದ ಇತಿಹಾಸ ಇದೆ. ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್ ಸೈನಿಕರ ಪಾದಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದವರು. 1912ರ ಹೊತ್ತಿಗೆ ಅಲ್ಲಿನ ಸೇನೆ ಅವರ ಕ್ರಮವನ್ನು ಜಾರಿಗೆ ತಂದಿತು. ಬೆನ್ನ ಮೇಲೆ 40 ಪೌಂಡ್, ಅಂದರೆ ಸುಮಾರು 18 ಕೆ.ಜಿ. ಹೊರೆ ಹೊರಿಸಿ ಪಾದ ಅಳೆಯುತ್ತಿದ್ದರು. ಭಾರ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ ಅಲ್ವಾ, ಅದಕ್ಕೆ. ಹೊಸ ಶೂ ಹಾಕಿದ ಸೈನಿಕ ಎರಡೂವರೆ ಇಂಚು ನೀರಿನಲ್ಲಿ ಐದು ನಿಮಿಷ ನಿಲ್ಲಬೇಕು. ಆಮೇಲೆ ಸಮತಟ್ಟು ನೆಲದಲ್ಲಿ ಸುಮಾರು ಒಂದು ಗಂಟೆ ನಡೆದು, ಕಾಲಿನ ಮೇಲೇ ಒಣಗಿಸಿಕೊಳ್ಳಬೇಕು. ಕೊನೆಗೆ ಚರ್ಮ ಗಟ್ಟಿಯಾಗದಂತೆ ತುಸು ಎಣ್ಣೆ ಸವರಬೇಕು. ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು. ತೇವ, ಎಳೆತ, ಎಳೆತದಲ್ಲೇ ಒಣಗುವುದು, ಮೂರೂ ಅದರಲ್ಲಿವೆ. ಆದರೆ ಈಗಿನ ಎಷ್ಟೋ ಬೂಟುಗಳಲ್ಲಿ ಅಂಟು, ಫೋಮು, ರಟ್ಟಿನಂಥ ಒಳ ಅಟ್ಟೆ ಇರುತ್ತವೆ. ನೆನೆಸಿದರೆ ಅವು ಹಾಳು. ಒದ್ದೆ ಬಟ್ಟೆಯಿಂದ ಬಿಗಿ ಜಾಗವನ್ನಷ್ಟೇ ತೇವ ಮಾಡಿ ನಡೆಯುವುದು ಸಾಕು. ಲೆದರ್ ಕಂಡೀಷನರ್ ಕೂಡ ತೆಳುವಾಗಿ ಒಂದು ಸಲ. ಜಾಸ್ತಿ ಎಣ್ಣೆ ಕುಡಿದ ಚರ್ಮ ಜೋತುಬಿದ್ದು ಬಣ್ಣ ಕಪ್ಪಾಗುತ್ತದೆ.

ಯಾವಾಗ ಕೈಬಿಡಬೇಕು?

ಬೆರಳ ತುದಿ ಮೂತಿಗೆ ತಾಗುತ್ತಿದ್ದರೆ ಇವತ್ತೇ. ಅಟ್ಟೆ ಕೊಳೆಯಾಗದಿದ್ದರೆ ಬದಲಾಯಿಸಿಕೊಳ್ಳುವ ಅವಕಾಶ ಇರಬಹುದು, ಕೇಳಿ ನೋಡಿ. ಬೆರಳುಗಳು ಜೋಮು ಹಿಡಿಯುವುದು, ಉರಿಯುವುದು ಇದ್ದರೂ ಅಷ್ಟೇ. ನರ ಅಮುಕಿದಾಗ ಹಾಗಾಗುತ್ತದೆ, ಅದು ಪಳಗಿಸುವ ನೋವಲ್ಲ. ಸಕ್ಕರೆ ಕಾಯಿಲೆ ಇದ್ದವರು ಬಿಗಿ ಬೂಟನ್ನು ಕಾಲಲ್ಲಿ ಪಳಗಿಸಲು ಹೋಗಲೇಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ.

ಈಗ ನಿಮ್ಮ ಬೊಬ್ಬೆ. ಒಡೆಯಬೇಡಿ, ತೊಳೆದು ಪಟ್ಟಿ ಹಾಕಿ, ಮಾಯುವವರೆಗೆ ಆ ಬೂಟು ಬೇಡ. ಮುಂದಿನ ಸಲ ಒಂದು ಜಾಗ ಬಿಸಿಯಾಗಿ ಚುರುಗುಟ್ಟುತ್ತಿದೆ ಅನ್ನಿಸಿದ ಕ್ಷಣವೇ ನಿಂತು, ಅಲ್ಲಿಗೆ ಅಂಟುಪಟ್ಟಿ ಹಚ್ಚಿ. ಆ ಚುರುಕಿಗೂ ಬೊಬ್ಬೆಗೂ ನಡುವೆ ಸಿಗುವುದು ಸ್ವಲ್ಪವೇ ಹೊತ್ತು. ಮಾಯಲು ನಾಲ್ಕೈದು ದಿನವಾದರೂ ಬೇಕು. ಉದ್ದ ಸರಿ ಇದ್ದರೆ ಅಷ್ಟು ದಿನ ಬೂಟಿನೊಳಗೆ ಸ್ಟ್ರೆಚರ್ ಇಟ್ಟಿರಿ.