ಕರಗಿದರೆ ಸಾಲದು, ದಾಟಬೇಕು: ಮಿದುಳಿಗೆ ಔಷಧ ಒಯ್ಯುವ ನ್ಯಾನೋಕಣಗಳು

ತುಮಕೂರಿನಲ್ಲಿ ನನ್ನ ಜೊತೆ ಫಾರ್ಮಸಿ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಮಿದುಳಿಗೆ ಔಷಧ ಒಯ್ಯುವ ಈ ಪಾಠದಲ್ಲಿ ಬಿಡಿಸಬೇಕಾದ ತೊಂದರೆಗಳು ಎರಡು. ಔಷಧ ನೀರಲ್ಲಿ ಕರಗುವುದಿಲ್ಲ ಎನ್ನುವುದು ಒಂದು. ರಕ್ತದಿಂದ ಮಿದುಳಿಗೆ ದಾಟುವುದಿಲ್ಲ ಎನ್ನುವುದು ಇನ್ನೊಂದು. ಇವೆರಡನ್ನೂ ಬೆರೆಸಬೇಡಿ.

ಮೊದಲನೆಯದು ಲೆಕ್ಕದ ವಿಷಯ. 100 ಮೈಕ್ರೋಮೀಟರ್ ಕಣಗಳನ್ನು 100 ನ್ಯಾನೋಮೀಟರಿಗೆ, ಅಂದರೆ ಸಾವಿರದ ಒಂದು ಪಾಲಿಗೆ, ಇಳಿಸಿದರೆ ಅದೇ ತೂಕದ ಪುಡಿಗೆ 1000 ಪಟ್ಟು ಮೇಲ್ಮೈ ಸಿಗುತ್ತದೆ. ಮೇಲ್ಮೈ ಜಾಸ್ತಿಯಾದಷ್ಟೂ ಬೇಗ ಕರಗುತ್ತದೆ. ಇಲ್ಲವೇ ಔಷಧವನ್ನು ಕೊಬ್ಬಿನ ಅಥವಾ ಪಾಲಿಮರಿನ ಕಣದೊಳಗೆ ಇಡಬಹುದು.

ಕಷ್ಟವಿರುವುದು ಎರಡನೆಯದರಲ್ಲಿ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಜೀವಕೋಶಗಳು ಸಂದಿಯೇ ಇಲ್ಲದಂತೆ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ಪುಟ್ಟ ಅಣುಗಳು ಆ ಕೋಶಗಳ ಒಳಗಿಂದಲೇ ನುಸುಳಬಲ್ಲವು. ಆದರೆ ಅವುಗಳಲ್ಲಿ ಹಲವನ್ನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಹಿಡಿದು ವಾಪಸ್ ರಕ್ತಕ್ಕೆ ತಳ್ಳುತ್ತದೆ.

ಲೋಪೆರಮೈಡ್ ನೋಡಿ. ಭೇದಿಗೆ ಕೊಡುವ ಈ ಮಾತ್ರೆ ನಮ್ಮ ಬಿ.ಎಚ್. ರಸ್ತೆಯ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಇದು ಒಪಿಯಾಯ್ಡ್ ಗುಂಪಿನದು, ಮಿದುಳಿನಲ್ಲಿ ಕೆಲಸ ಮಾಡಿ ನೋವು ತಗ್ಗಿಸುವ ಮಾರ್ಫಿನ್‌ನ ಹಾಗೆ. ಆದರೂ ಮಾಮೂಲಿ ಪ್ರಮಾಣದಲ್ಲಿ ಮಿದುಳಿನ ಮೇಲೆ ಕೆಲಸ ಮಾಡುವುದಿಲ್ಲ, ಆ ಪಂಪ್ ಬಿಡುವುದಿಲ್ಲ ಅಲ್ವಾ! 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದನ್ನೇ ಪಾಲಿಮರ್ ನ್ಯಾನೋಕಣಕ್ಕೆ ಸೇರಿಸಿ, ಮೇಲೆ ಪಾಲಿಸಾರ್ಬೇಟ್ 80 ಎಂಬ ಸಾಬೂನಿನಂಥ ವಸ್ತುವನ್ನು ಲೇಪಿಸಿ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ನೋವು ಕಡಿಮೆಯಾಯಿತು, ಬಹಳ ಹೊತ್ತು ಹಾಗೇ ಇತ್ತು. ಲೇಪವಿಲ್ಲದ ಕಣಗಳಿಂದ ಏನೂ ಆಗಲಿಲ್ಲ. ಪಾಲಿಸಾರ್ಬೇಟಿನಲ್ಲಿ ಸುಮ್ನೆ ಕರಗಿಸಿ ಕೊಟ್ಟಾಗ ಪರಿಣಾಮ ತೀರಾ ಕಡಿಮೆ, ಅದೂ ಸ್ವಲ್ಪ ಹೊತ್ತು. ನನಗೆ ಇಡೀ ಪಾಠದಲ್ಲಿ ತುಂಬ ಇಷ್ಟವಾದ ಪ್ರಯೋಗ ಇದು. ಕರಗಿಸುವುದೇ ಬೇರೆ, ದಾಟಿಸುವುದೇ ಬೇರೆ ಎನ್ನುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಲೇಪ ಮಾಡಿದ್ದಾದರೂ ಏನು? ಹೆಚ್ಚಿನವರು ಒಪ್ಪುವ ವಿವರಣೆ ಹೀಗಿದೆ: ಪಾಲಿಸಾರ್ಬೇಟ್ ರಕ್ತದಲ್ಲಿ ಕೊಬ್ಬು ಸಾಗಿಸಲು ನೆರವಾಗುವ ಅಪೋಲಿಪೋಪ್ರೋಟೀನ್ ಇ ಎಂಬ ಪ್ರೋಟೀನನ್ನು ಕಣದ ಮೇಲೆ ಅಂಟಿಸಿಕೊಳ್ಳುತ್ತದೆ. ರಕ್ತನಾಳದ ಕೋಶದಲ್ಲಿ ಕೊಬ್ಬಿನ ಕಣಗಳನ್ನು ಹಿಡಿಯುವ ಎಲ್‌ಡಿಎಲ್ ಗ್ರಾಹಕ ಆ ಪ್ರೋಟೀನನ್ನು ಗುರುತಿಸಿ, ಕಣವನ್ನು ಒಳಗೆ ಎಳೆದುಕೊಳ್ಳುತ್ತದೆ.

ಇನ್ನೊಂದು ಮಾತು. ರಕ್ತಕ್ಕೆ ಚುಚ್ಚಿದ ಕಣಗಳಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮ ಹಿಡಿದುಕೊಳ್ಳುತ್ತವೆ. ಪಿಇಜಿ (ಪಾಲಿಇಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್) ಲೇಪ ಹಾಕಿದರೆ ಅದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ಯಾವುದೇ ಪ್ರಬಂಧ ಓದುವಾಗ ಗ್ರಾಫಿನಲ್ಲಿ ಮಿದುಳಿನ ಕಂಬವನ್ನಷ್ಟೇ ನೋಡಬೇಡಿ, ಪಕ್ಕದ ಯಕೃತ್ತಿನ ಕಂಬವನ್ನೂ ಅಳೆಯಿರಿ.